ನಾಲ್ಕನೆಯ ಪ್ರತಿ

ಮನೆ ಬಿಡುವ ಹೊತ್ತಿಗೆ ಕೈ ಚೆನ್ನಾಗಿತ್ತು. ಅದೇ ಅವಳ ಚಿಂತೆ. ಬೆಳಗ್ಗೆ ಎದ್ದಾಗ ಬಲಗೈಯ ಮೂರು ಬೆರಳೂ ಎಂದಿನಂತೆ ಸೌದೆ ಸೀಳಿನ ಹಾಗೆ ಸೆಟೆದುಕೊಂಡಿದ್ದವು. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಐದು ತಿಂಗಳ ಅಭ್ಯಾಸ. ನಿದ್ದೆಗಣ್ಣಿನಲ್ಲೇ ಬೋಗುಣಿಗೆ ಬಿಸಿನೀರು ಸುರಿದು, ಕೈ ಇಳಿಬಿಟ್ಟು, ಎದುರುಮನೆಯ ಗೋಡೆ ನೋಡುತ್ತ ಒಂದೊಂದೇ ಬೆರಳನ್ನು ಬಗ್ಗಿಸಿ, ಎಣಿಸಿ, ಬಿಡಿಸಿ, ಮತ್ತೆ ಬಗ್ಗಿಸಿದ್ದಳು. ಒರೆಸಿಕೊಂಡು ಮುಷ್ಟಿ ಕಟ್ಟಿ ನೋಡಿದಾಗ ಉಂಗುರದ ಬೆರಳಿನ ತುದಿ ಅಂಗೈಗೆ ತಾಗೇಬಿಟ್ಟಿತು. ಚರ್ಮಕ್ಕೆ ಚರ್ಮ ಸಿಕ್ಕಿದ್ದು ಗೊತ್ತಾಗಿ ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ಇವತ್ತು ಯಾವ ದಿನ ಎನ್ನುವುದು ನೆನಪಾಯಿತು.

ಇವತ್ತು ಪರಿಹಾರದ ಕಚೇರಿಯ ಡಾಕ್ಟರು ಅವಳ ಕೈ ನೋಡುವ ದಿನ. ನೋಡಿ, ನೂರಕ್ಕೆ ಎಷ್ಟು ಪಾಲು ಹಾಳಾಗಿದೆ ಎಂದು ಒಂದು ನಂಬರು ಬರೆಯುವ ದಿನ. ನಂಬರು ಹತ್ತು ದಾಟಿದರೆ ಲಾಂಡ್ರಿಯವರು ಅವಳಿಗೆ ಬೇರೆ ಕೆಲಸ ಕೊಡಬೇಕು, ಬಟ್ಟೆ ಎಣಿಸುವುದೋ ಚೀಟಿ ಅಂಟಿಸುವುದೋ ಯಾವುದಾದರೂ. ಹತ್ತರ ಒಳಗೆ ನಿಂತರೆ ಬರುವ ಸೋಮವಾರ ಕೈ ಸುಟ್ಟ ಅದೇ ಇಸ್ತ್ರಿ ರೋಲರಿನ ಮುಂದೆ ಹೋಗಿ ನಿಲ್ಲಬೇಕು. ನಿಲ್ಲಲಾರೆ ಎಂದರೆ ತಾನಾಗಿ ಕೆಲಸ ಬಿಟ್ಟ ಹಾಗೆ. ಇಷ್ಟನ್ನು ಅವಳು ಯಾರನ್ನೂ ಕೇಳಿ ತಿಳಿದದ್ದಲ್ಲ. ಕೇಳುವುದು ಅವಳಿಗೆ ಬರುವುದಿಲ್ಲ. ಅವರಿವರು ಮಾತಾಡುವಾಗ ಪಕ್ಕದಲ್ಲಿ ನಿಂತು ತಿಳಿದದ್ದು.

ಜೊತೆಗೆ ಬರಲು ಸೋದರಮಾವ ಒಪ್ಪಿದ್ದ. ಅಮ್ಮನ ತಮ್ಮ, ಕನ್ನಡಿ ಅಂಗಡಿಯಲ್ಲಿ ಗಾಜು ಕತ್ತರಿಸುವವನು. ಅರ್ಧ ದಿನ ರಜಾ ಹಾಕಿ ಬಂದವನು ಬಾಗಿಲಲ್ಲೇ ಬೋಗುಣಿ ನೋಡಿದ.

"ಇದೇನೇ ಇದು? ಬಿಸಿನೀರಲ್ಲಿ ನೆನೆಸಿದ್ಯಾ? ಇವತ್ತು?"

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಭಿಕ್ಷೆಗೆ ಹೊರಟೋಳು ರೇಷ್ಮೆ ಸೀರೆ ಉಟ್ಕೊಂಡ ಹಾಗಾಯ್ತಲ್ಲೇ ಇದು. ಅಕ್ಕಾ, ನಿನ್ನ ಮಗಳನ್ನ ನೋಡು. ಪರೀಕ್ಷೆ ಅಂದ ತಕ್ಷಣ ಓದ್ಕೊಂಡು ಕೂತಿದಾಳೆ."

ಅಮ್ಮ ಒಳಗಿನಿಂದ, "ಅವಳಿಗೇನು ಗೊತ್ತಾಗುತ್ತೆ, ನೀನೇ ಹೇಳ್ಕೊಡು," ಎಂದಳು. ಬಸ್ಸಿನಲ್ಲಿ ಮಾವ ಹೇಳಿಕೊಟ್ಟ. ಬಗ್ಗಿಸು ಅಂದರೆ ಅರ್ಧ ಬಗ್ಗಿಸು. ಒತ್ತಿದರೆ ಮುಖ ಕಿವಿಚು. ಕಳ್ಳತನ ಮಾಡು ಅಂತ ನಾನು ಹೇಳ್ತಿಲ್ಲ, ನೋವು ಬರೋಕೆ ಮುಂಚೆ ನಿಲ್ಲಿಸು, ಅಷ್ಟೇ. ಅವನ ಕೈಬೆರಳುಗಳ ತುಂಬ ಗಾಜು ಕೊಯ್ದ ಬಿಳೀ ಗೆರೆಗಳಿದ್ದವು. ಮಾತಾಡುವಾಗ ಅವನ್ನೇ ಆಡಿಸಿ ತೋರಿಸುತ್ತಿದ್ದ. "ನನಗೆ ಎಷ್ಟು ಸಲ ಕೊಯ್ದಿದೆ, ಯಾವ ಪುಣ್ಯಾತ್ಮ ಪರ್ಸೆಂಟ್ ಕೊಟ್ಟ? ನಿನಗೆ ಕೊಡ್ತೀನಿ ಅಂತ ಕರೀತಿದಾರೆ. ಈಸ್ಕೊಳ್ಳೋಕೂ ಒಂದು ಮುಖ ಬೇಕು ಕಣೆ." ಅವಳು ಹೂಂ ಎಂದಳು. ಎದುರು ಸೀಟಿನ ಹೆಂಗಸು ತನ್ನ ಕೈಯನ್ನೇ ನೋಡುತ್ತಿದ್ದಾಳೆ ಅನಿಸಿತು. ಸುಟ್ಟ ಚರ್ಮ ಮಾಗಿದ ಮೇಲೆ ನುಣುಪಾಗಿ, ಗುಲಾಬಿಯಾಗಿ, ಬೇರೆ ಯಾರದೋ ಕೈಯನ್ನು ತಂದು ಅಂಟಿಸಿದ ಹಾಗೆ ಕಾಣುತ್ತಿತ್ತು. ಈಗ ಆ ಹೆಂಗಸು ಕಿಟಕಿಯ ಕಡೆ ತಿರುಗಿದ್ದಳು. ನೋಡಿದ್ದಳೋ ಇಲ್ಲವೋ.

ಕಚೇರಿ ಒಂದು ಉದ್ದನೆಯ ಓಣಿಯಂತಿತ್ತು. ಎರಡೂ ಕಡೆ ಕುರ್ಚಿ, ಕೊನೆಯಲ್ಲಿ ಡಾಕ್ಟರ ಬಾಗಿಲು, ಪಕ್ಕದಲ್ಲಿ ಜಾಲರಿ ಹಾಕಿದ ಗುಮಾಸ್ತೆಯ ಕಿಟಕಿ. ಕುರ್ಚಿಗಳ ಹಿಂದಿನ ಗೋಡೆಯಲ್ಲಿ, ಕೂತವರ ತಲೆ ತಾಗುವ ಎತ್ತರದಲ್ಲಿ, ಎಣ್ಣೆಯ ಕಲೆಗಳು ಒಂದೊಂದು ಕುರ್ಚಿಗೆ ಒಂದೊಂದರಂತೆ ಸಾಲಾಗಿದ್ದವು. ಅವಳು ತಲೆ ಆನಿಸದೆ ನೆಟ್ಟಗೆ ಕೂತಳು. ಇಷ್ಟು ಜನ ಇಲ್ಲಿ ಒರಗಿ ಏನೇನು ಯೋಚಿಸಿರಬಹುದು. ತಾನು ಯೋಚಿಸುತ್ತಿರುವುದನ್ನು ಇವರಲ್ಲಿ ಒಬ್ಬರಾದರೂ ಯೋಚಿಸಿರಬಹುದೇ. ತಾನು ಯೋಚಿಸುತ್ತಿದ್ದುದು ಕೈಯ ಬಗ್ಗೆ ಅಲ್ಲ, ನಾಲ್ಕು ಮಡಿಕೆ ಮಾಡಿದ ಒಂದು ದಿಂಬಿನ ಕವರಿನ ಬಗ್ಗೆ.

ಲಾಂಡ್ರಿಯಲ್ಲಿ ಹಾಸುಬಟ್ಟೆಗೆ ಇಸ್ತ್ರಿ ಹಾಕುವುದು ಇಬ್ಬರ ಕೆಲಸ. ತೊಳೆದು ಹಿಂಡಿದ ಬಟ್ಟೆ ಗಾಡಿಯಲ್ಲಿ ಬರುತ್ತದೆ. ಆ ಕಡೆ ಒಬ್ಬಳು ಈ ಕಡೆ ಒಬ್ಬಳು ತುದಿ ಹಿಡಿದು, ಗಾಳಿಯಲ್ಲಿ ಒಮ್ಮೆ ಒದರಿ, ಅಂಚನ್ನು ಕಾದ ರೋಲರಿನ ಬಾಯಿಗೆ ಕೊಡಬೇಕು. ಒದರು, ಹಿಡಿ, ಕೊಡು. ಅವಳ ಜೋಡಿಯ ಹೆಂಗಸು, ಎಲ್ಲರೂ ಜೋಡಿಯಕ್ಕ ಎನ್ನುತ್ತಿದ್ದವಳು, ಮೊದಲ ದಿನ ಕಲಿಸಿದ್ದು ಈ ಮೂರೇ ಮಾತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಯಾರಾದರೂ ಅವಳಿಗೆ ಕಲಿಸಿದ್ದು ಅದೇ ಮೊದಲು. ರೋಲರಿನ ಬಾಯಿಯ ಮುಂದೆ ಉದ್ದಕ್ಕೂ ಒಂದು ತಡೆಪಟ್ಟಿ ಇತ್ತು. ಕೈ ಅದಕ್ಕೆ ತಾಗಿದರೆ ಯಂತ್ರ ತಾನೇ ನಿಲ್ಲುತ್ತದೆ. ಆದರೆ ಕೈ ತಾಗಿದರೆ ಮಾತ್ರವಲ್ಲ, ದಪ್ಪ ಹೊಲಿಗೆ ತಾಗಿದರೂ ನಿಲ್ಲುತ್ತದೆ, ಮಡಿಚಿದ ಮೂಲೆ ತಾಗಿದರೂ ನಿಲ್ಲುತ್ತದೆ. ಮತ್ತೆ ಶುರುವಾಗುವ ಹೊತ್ತಿಗೆ ಮೇಸ್ತ್ರಿ ಅಲ್ಲಿಂದಲೇ ಕೂಗುತ್ತಾನೆ. ಅದಕ್ಕೇ ಬೆಳಗ್ಗೆ ಮೊದಲು ಬಂದವರು ಒಂದು ದಿಂಬಿನ ಕವರನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯ ಸಂದಿಗೆ ತುರುಕುವುದು. ಪಟ್ಟಿ ಅಲುಗುವುದಿಲ್ಲ. ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಯಾರು ಶುರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಮೇಸ್ತ್ರಿಗೆ ಗೊತ್ತಿತ್ತು, ಆ ಕಡೆ ಬರುವಾಗ ಅವನು ಚಾವಣಿ ನೋಡುತ್ತ ಬರುತ್ತಿದ್ದ.

ಆವತ್ತು ಮೊದಲು ಬಂದವಳು ಅವಳು. ಕವರು ತುರುಕಿದವಳು ಅವಳು. ಅಂದವಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದಳು.

"ಮೊದಲನೇ ಸಲಾನಾ?" ಎಂದು ಪಕ್ಕದ ಕುರ್ಚಿಯವನು ಕೇಳಿದ. ಕಟ್ಟಡದಲ್ಲಿ ಕಂಬಿ ಕಟ್ಟುವವನಂತೆ, ಮಂಡಿಗೆ ಪೆಟ್ಟು, ಕಾಲನ್ನು ದಾರಿಗೆ ಅಡ್ಡವಾಗಿ ಚಾಚಿಕೊಂಡಿದ್ದ. ಹೋಗಿಬರುವವರೆಲ್ಲ ಆ ಕಾಲನ್ನು ದಾಟಬೇಕಾಗಿತ್ತು.

ಅವಳ ಬದಲು ಮಾವ, "ಹೌದು, ಮೊದಲನೇದು. ನಿಮ್ದು?" ಎಂದ.

"ಐದನೇದು. ಎಲ್ಲಾ ರುಚಿ ನೋಡಿದೀನಿ." ಅವನು ಅವಳ ಕಡೆ ಬಗ್ಗಿದ. "ನೋಡಮ್ಮ, ಒಳಗಿರೋರು ಒಳ್ಳೇ ಮನುಷ್ಯರು. ಅದೇ ತೊಂದರೆ. ಬೈದ್ರೆ ನಮಗೂ ಹಠ ಬರುತ್ತೆ, ಮಡಚಲ್ಲ ಅಂತ ಕೂರಬಹುದು. ಇವರು ಸ್ವಲ್ಪ ಮಡಚಪ್ಪ ಅಂತಾರೆ. ಮಡಚೇಹೋಗುತ್ತೆ ಹಾಳಾದ್ದು."

ಮಾವ ನಕ್ಕ. "ಕೇಳಿಸ್ಕೊಂಡ್ಯಾ? ಅನುಭವಸ್ಥರು."

ಕೇಳಿಸಿಕೊಂಡಿದ್ದಳು. ಆದರೆ ಅವಳಿಗೆ ಬೆರಳು ಮೇಡಂ ನೆನಪಾಗುತ್ತಿದ್ದಳು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ. ವಯಸ್ಸಿನಲ್ಲಿ ಅವಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ವಾರಕ್ಕೊಮ್ಮೆ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಬೆರಳಿಗೆ ಹಿಡಿದು, "ಭೇಷ್, ಹೋದ ವಾರಕ್ಕಿಂತ ನಾಲ್ಕು ಡಿಗ್ರಿ ಜಾಸ್ತಿ," ಎಂದು ಗೋಡೆಯ ಮೇಲಿನ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದಳು. ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದರೆ ಗೆರೆ ಮೇಲೇರುತ್ತಿತ್ತು. ಆ ಗೆರೆಗೋಸ್ಕರ ಅವಳು ಮನೆಯಲ್ಲಿ ಕಣ್ಣೀರು ಬರುವವರೆಗೆ ಬೆರಳು ಬಗ್ಗಿಸಿದ್ದಳು, ಬಟ್ಟೆ ಕ್ಲಿಪ್ಪುಗಳನ್ನು ಹಗ್ಗಕ್ಕೆ ಹಾಕಿ ತೆಗೆದಿದ್ದಳು, ತಟ್ಟೆಯಿಂದ ತಟ್ಟೆಗೆ ಕಾಳು ಹೆಕ್ಕಿದ್ದಳು. ಹಾಗೆ ಹೆಕ್ಕುವಾಗ ಕೈ ಪೂರ್ತಿ ಸರಿಹೋದರೆ ಆವತ್ತಿನದು ನಡೆದೇ ಇಲ್ಲದ ಹಾಗೆ ಆಗುತ್ತದೆ ಎಂದು ಒಂದು ಯೋಚನೆ ಬರುತ್ತಿತ್ತು. ಕವರನ್ನು ಯಾರೂ ಮಡಿಸಲೇ ಇಲ್ಲದ ಹಾಗೆ. ಮೂರ್ಖ ಯೋಚನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕಾಳು ಹೆಕ್ಕುತ್ತಿದ್ದಳು. ಆ ಗೆರೆ ಒಂದೊಂದು ಚುಕ್ಕಿ ಮೇಲೇರಿದ ಹಾಗೂ ಇಲ್ಲಿ ತನ್ನ ನಂಬರು ಕೆಳಗಿಳಿಯುತ್ತದೆ ಎಂದು ಮಾತ್ರ ಆಗ ಹೊಳೆದಿರಲಿಲ್ಲ.

ಆವತ್ತು ಕೈ ಒಳಗೆ ಹೋದಾಗ ಅವಳು ಕೂಗಲಿಲ್ಲ. ಆಮೇಲೆ ಎಲ್ಲರೂ ಅದನ್ನೇ ಹೇಳಿದರು. ಲಾಂಡ್ರಿಯಲ್ಲಿ ಅವಳಿಗೆ ಪಿಸುಮಾತು ಎಂದೇ ಅಡ್ಡಹೆಸರು. ಪಿಸುಮಾತು ಪಿಸುಮಾತಿನಲ್ಲೇ ಸುಟ್ಟುಕೊಂಡಳು ಎಂದು ಯಾರೋ ಅಂದರಂತೆ. ಕೆಂಪು ಗುಂಡಿ ಒತ್ತಿದ್ದು ಜೋಡಿಯಕ್ಕ. ರೋಲರು ಎತ್ತಿ ಕೈ ಬಿಡಿಸಿದ್ದೂ ಅವಳೇ. ಮೇಸ್ತ್ರಿ ಓಡಿಬರುವುದರೊಳಗೆ ಜೋಡಿಯಕ್ಕ ಅದೇ ಕೈಯಿಂದ ಸಂದಿಯ ಕವರನ್ನು ಎಳೆದು ಕೊಳೆಬಟ್ಟೆ ಗಾಡಿಗೆ ಎಸೆದದ್ದನ್ನು ಅವಳು ನೆಲದ ಮೇಲೆ ಕೂತು ನೋಡಿದ್ದಳು. ಆ ಹೊತ್ತಿನಲ್ಲಿ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೊಂದೇ. ತಡೆಪಟ್ಟಿ ಸರಿಯಾಗಿದೆ, ಕೆಲಸಗಾರ್ತಿಯ ಗಮನ ತಪ್ಪಿ ಆದ ಅಪಘಾತ ಎಂದು ವರದಿ ಬರೆದರು. ಆಸ್ಪತ್ರೆಗೆ ಬಂದ ಜೋಡಿಯಕ್ಕ ಹಾಸಿಗೆಯ ಅಂಚಿನಲ್ಲಿ ಕೂತು, "ನಿನಗೋಸ್ಕರಾನೇ ತೆಗೆದೆ ಕಣೆ. ಅದು ಸಿಕ್ಕಿದ್ರೆ ನಿನಗೆ ಬಿಡಿಗಾಸೂ ಬರ್ತಿರ್ಲಿಲ್ಲ," ಎಂದಳು. ನಿಜವಿರಬಹುದು. ದಿನಾ ತುರುಕುತ್ತಿದ್ದ ಎಲ್ಲರಿಗೋಸ್ಕರವೂ ಇರಬಹುದು. ಅವಳು ಹೂಂ ಎಂದಿದ್ದಳು. ಎಲ್ಲದಕ್ಕೂ ಹೂಂ ಅನ್ನುವವಳ ಹತ್ತಿರ ಗುಟ್ಟು ಇಟ್ಟರೆ ಬ್ಯಾಂಕಿನಲ್ಲಿ ಇಟ್ಟ ಹಾಗೆ ಎಂದು ಜೋಡಿಯಕ್ಕನಿಗೆ ಗೊತ್ತಿತ್ತು.

ಹೆಸರು ಕರೆದರು. ಮಾವ ಎದ್ದ, ಒಬ್ಬರೇ ಎಂದು ಜವಾನ ಕೈ ಅಡ್ಡ ಹಿಡಿದ. ಮಾವ ಅವಳ ಕಿವಿಯ ಹತ್ತಿರ, "ಅರ್ಧ," ಎಂದ.

ಡಾಕ್ಟರಿಗೆ ವಯಸ್ಸಾಗಿತ್ತು, ನೆಗಡಿಯಾಗಿತ್ತು. ಕರವಸ್ತ್ರವನ್ನು ಮಡಿಚಿ ಮಡಿಚಿ ಒಣಗಿದ ಜಾಗ ಹುಡುಕಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳ ಮುಖ ನೋಡಲಿಲ್ಲ. ಅದು ಅವಳಿಗೆ ಹಿತವಾಯಿತು. "ಹೇಗಾಯ್ತಮ್ಮ?" ಎಂದರು. "ಗಮನ ತಪ್ಪಿ, ಸರ್," ಎಂದಳು. ಬೇರೆಯವರು ಬರೆದ ಮಾತು ತನ್ನ ಬಾಯಲ್ಲಿ ಇಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. ಕೈ ಚಾಚಿದಳು. ಅವರ ಬೆರಳುಗಳು ಬೆಚ್ಚಗಿದ್ದವು. "ನೋವಾದ್ರೆ ಹೇಳಮ್ಮ. ಎಲ್ಲಿ, ಬಗ್ಗಿಸು ನೋಡೋಣ." ಅವಳು ಬಗ್ಗಿಸಿದಳು. ಅರ್ಧ. ಅರ್ಧ ಎಂದರೆ ಎಲ್ಲಿಯವರೆಗೆ ಎಂದು ಮಾವ ಹೇಳಿರಲಿಲ್ಲ. ಬೆರಳುಗಳು ಗಾಳಿಯಲ್ಲಿ, ಏನನ್ನೋ ಹಿಡಿಯಲು ಹೋಗಿ ಮರೆತ ಹಾಗೆ ನಿಂತಿದ್ದವು. ಮುಖ ಕಿವಿಚಬೇಕಿತ್ತು. ಕಿವಿಚಲು ಹೋದರೆ ನಗು ಬರುವ ಹಾಗಾಯಿತು.

"ಅಷ್ಟೇನಾ?" ಎಂದರು ಡಾಕ್ಟರು. ಗದರಿಸಿದ್ದಲ್ಲ. ಇಷ್ಟು ದೂರ ಬಂದಿದ್ದೀಯ, ಇಷ್ಟೇ ತಂದೆಯಾ ಎಂದು ಕೇಳುವ ದನಿ.

ಕೈ ಹೋಗಿಬಿಟ್ಟಿತು. ಅವಳು ಕಳಿಸಿದ್ದಲ್ಲ. ಒಂದೊಂದೇ ಬೆರಳು ಸಾಲಾಗಿ ಇಳಿದು, ಉಂಗುರದ ಬೆರಳು ಅಂಗೈ ಮುಟ್ಟಿ, ನಡುಬೆರಳು ಒಂದು ಕಾಳಿನಷ್ಟು ಜಾಗ ಬಿಟ್ಟು ನಿಂತಿತು. ನೋವು ಮೊಣಕೈವರೆಗೆ ಹತ್ತಿತು. ಅದು ದಿನದ ನೋವು, ಅದನ್ನು ನೋವೆಂದು ಹೇಳಬೇಕೆಂದು ತೋಚಲಿಲ್ಲ. ಅಳತೆಪಟ್ಟಿ ಇಟ್ಟರು, ಬೆರಳುಗಳ ಸುತ್ತಳತೆಯನ್ನೂ ತೆಗೆದರು, ಬರೆದರು. ಹಿಡಿತ ಅಳೆಯುವ ಕಬ್ಬಿಣದ ಹಿಡಿಯೊಂದನ್ನು ಕೊಟ್ಟು ಹಿಂಡು ಎಂದರು. ಅವಳು ಉಸಿರು ಕಟ್ಟಿ ಹಿಂಡಿದಳು. ಮುಳ್ಳು ನಡುಗುತ್ತ ಮೇಲೇರಿತು. ಏರುತ್ತಿರುವುದು ಕಂಡು ಇನ್ನಷ್ಟು ಹಿಂಡಿದಳು.

"ತುಂಬಾ ಚೆನ್ನಾಗಿದೆ," ಎಂದು ಡಾಕ್ಟರು ಮೊದಲ ಸಲ ಅವಳ ಮುಖ ನೋಡಿದರು. "ಒಳ್ಳೇ ಹುಡುಗಿ. ಎಲ್ಲರೂ ಹೀಗೆ ವ್ಯಾಯಾಮ ಮಾಡಿದ್ರೆ ನಮಗೆ ಕೆಲಸಾನೇ ಇರಲ್ಲ."

ಅವಳ ಮೈ ಬೆಚ್ಚಗಾಯಿತು. ಬಾಗಿಲು ದಾಟಿ ಓಣಿಗೆ ಬರುವವರೆಗೂ ಅದು ಬೆಚ್ಚಗೇ ಇತ್ತು.

ಎಂಟು. ಕಿಟಕಿಯ ಜಾಲರಿಯ ಆಚೆಯಿಂದ ಗುಮಾಸ್ತೆ ಓದಿ ಹೇಳಿದಳು. ಮಾವ ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಹೇಳಿದಳು. ಮಾವ ಏನಾದರೂ ಅನ್ನುತ್ತಾನೆ ಎಂದು ಅವಳು ಕಾದಳು. ಅವನು ಜೇಬಿನಿಂದ ಬಸ್ಸಿನ ಟಿಕೆಟು ತೆಗೆದು ಸಣ್ಣಗೆ ಸುರುಳಿ ಸುತ್ತಿ ಕಿವಿ ಕೆರೆದುಕೊಂಡ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ಎಂಟು. ಗಾಜು ಕೊಯ್ದ ನನ್ನ ಕೈಗೇ ಹತ್ತು ಬರ್ತಿತ್ತು. ಹೋಗ್ಲಿ ಬಿಡು, ಸಹಿ ಹಾಕು. ಸೋಮವಾರ ನಾನೇ ಬಂದು ಬಿಟ್ಟುಬರ್ತೀನಿ," ಎಂದ. ಬಿಟ್ಟುಬರ್ತೀನಿ. ಮೊದಲ ದಿನ ಶಾಲೆಗೆ ಮಕ್ಕಳನ್ನು ಬಿಟ್ಟುಬರುವ ಹಾಗೆ. ರೋಲರಿನ ಬಿಸಿ ಈಗಲೇ ಮುಖಕ್ಕೆ ಬಡಿದಂತಾಯಿತು. ಆ ಒದ್ದೆ ಬಟ್ಟೆಯ ವಾಸನೆ, ಒದರು, ಹಿಡಿ, ಕೊಡು. ತಡೆಪಟ್ಟಿಯ ಸಂದಿಗೆ ಈಗ ಯಾರು ಕವರು ತುರುಕುತ್ತಿರಬಹುದು. ತುರುಕುತ್ತಿದ್ದಾರೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

"ಸಹಿ ಬರುತ್ತಾ, ಹೆಬ್ಬೆಟ್ಟಾ?" ಎಂದು ಗುಮಾಸ್ತೆ ಕೇಳಿದಳು. ಕೈಯಲ್ಲಿ ಆಗಲೇ ಶಾಯಿಯ ಪೆಟ್ಟಿಗೆ ಇತ್ತು.

"ಬರುತ್ತೆ."

"ಆಂ?"

"ಬರುತ್ತೆ," ಎಂದಳು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ.

"ನಾಲ್ಕು ಪ್ರತಿ ಇದೆ. ಒಂದೊಂದಕ್ಕೂ ಮೂರು ಕಡೆ. ಮೇಲಿನ ಲೆಕ್ಕ ಒಪ್ಪಿದೀನಿ ಅಂತ. ಪೂರ್ತಿ ಹೆಸರು ಬರೀಬೇಕು, ಗೀಚೋದಲ್ಲ."

ಕಿಟಕಿಯ ಕೆಳಗಿನ ಹಲಗೆಯ ಮೇಲೆ ಹಾಳೆಗಳನ್ನಿಟ್ಟು ಅವಳು ಬರೆಯತೊಡಗಿದಳು. ಅವಳ ಪೂರ್ತಿ ಹೆಸರು ಉದ್ದ. ಅಪ್ಪನ ಹೆಸರೂ ಸೇರಿ ಅರ್ಧ ಸಾಲು. ಮೊದಲನೆಯ ಪ್ರತಿಯಲ್ಲಿ ಮೂರೂ ಸಹಿ ದುಂಡಗೆ ಬಂದವು. ಹಿಂದಿನ ಸಾಲಿನವನು ಇಣುಕಿ ನೋಡುತ್ತಿದ್ದ. ಎರಡನೆಯದರಲ್ಲಿ ಪೆನ್ನನ್ನು ಸ್ವಲ್ಪ ಕೆಳಗೆ ಹಿಡಿಯಬೇಕಾಯಿತು. ಮೂರನೆಯದರ ನಡುವೆ ಬೆರಳುಗಳ ಬುಡದಲ್ಲಿ ಆ ಪರಿಚಯದ ಬಿಗಿ ಶುರುವಾಯಿತು, ಒಳಗಿನಿಂದ ಯಾರೋ ದಾರ ಎಳೆದು ಗಂಟು ಹಾಕುತ್ತಿರುವ ಹಾಗೆ, ಅಂಗೈ ಬೆವರಿತು, ಒತ್ತಕ್ಷರ ಮೇಲಿನ ಅಕ್ಷರವನ್ನು ಬಿಟ್ಟು ದೂರ ಹೋಗಿ ಬಿತ್ತು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ಜಾರಿತು. ಎತ್ತಿಕೊಂಡು ಮುಷ್ಟಿಯಲ್ಲಿ, ಸೌಟು ಹಿಡಿದ ಹಾಗೆ ಹಿಡಿದು ಎಳೆದಳು. ಕೊನೆಯ ಸಹಿಯಲ್ಲಿ ಹೆಸರಿರಲಿಲ್ಲ. ಏರಿಳಿವ ಒಂದು ಗೆರೆ ಇತ್ತು.

ಗುಮಾಸ್ತೆ ಮುದ್ರೆ ಎತ್ತಿದವಳು ಹಾಗೇ ಹಿಡಿದು ಹಾಳೆ ತಿರುವಿದಳು. ಕನ್ನಡಕ ಏರಿಸಿದಳು. "ಇದೇನಮ್ಮ, ಮೊದಲನೇದಕ್ಕೂ ಕೊನೇದಕ್ಕೂ ಸಂಬಂಧಾನೇ ಇಲ್ಲ. ಬೇರೆ ಯಾರೋ ಹಾಕಿದ ಹಾಗಿದೆ. ನಡೆಯಲ್ಲ ಇದು, ಮೇಲಿನೋರು ವಾಪಸ್ ಕಳಿಸ್ತಾರೆ." ಆಮೇಲೆ ಅವಳ ಕೈ ಕಂಡಿರಬೇಕು, ದನಿ ತಗ್ಗಿತು. "ಹೊಸ ಸೆಟ್ ಕೊಡ್ತೀನಿ. ಹೋಗಿ ಕೂತ್ಕೊ, ಸ್ವಲ್ಪ ಆರಾಮಾದ ಮೇಲೆ ನಿಧಾನಕ್ಕೆ ಹಾಕು."

"ಎಷ್ಟೊತ್ತು?"

"ಕೈ ಸರಿಹೋಗೋ ತನಕ. ಅವಸರ ಏನಿಲ್ಲ."

ಅವಸರ ಏನಿಲ್ಲ. ಅವಳು ಜಾಲರಿಯ ಆಚೆಗಿನ ಆ ಒಳ್ಳೆಯ ಮುಖವನ್ನು ನೋಡುತ್ತ ನಿಂತಳು. ಡಾಕ್ಟರೂ ಒಳ್ಳೆಯವರು. ಇವಳೂ ಒಳ್ಳೆಯವಳು. ಬೆರಳು ಮೇಡಂ ಎಷ್ಟು ಒಳ್ಳೆಯವಳು. ಇವರೆಲ್ಲ ಅವಳ ಕೈಯ ಒಂದು ಸಲವನ್ನು ಮಾತ್ರ ನೋಡಿದವರು. ಒಂದು ಸಲ ಬಗ್ಗಿಸು, ಒಂದು ಸಲ ಹಿಂಡು. ಆ ಒಂದು ಸಲವನ್ನು ಅವಳು ಹೊಸ ಬಟ್ಟೆ ತೊಡಿಸಿ, ತಲೆ ಬಾಚಿ, ಕರೆದುಕೊಂಡು ಬಂದು ತೋರಿಸಿದ್ದಳು. ಹನ್ನೆರಡನೆಯ ಸಲವನ್ನು ಯಾರೂ ಕಂಡಿಲ್ಲ. ಮನೆಯಲ್ಲಿ ಅದು ಬಂದಾಗ ಅವಳೇ ಸೆರಗಿನೊಳಗೆ ಮುಚ್ಚಿಡುತ್ತಿದ್ದಳು. ಈಗ ಅದು ಹಲಗೆಯ ಮೇಲೆ, ಕಾಗದದ ಮೇಲೆ, ಎಲ್ಲರೆದುರಿಗೆ ಬಿದ್ದಿತ್ತು.

ಜಾಲರಿಯ ಕೆಳಗಿನ ಸಂದಿಯಿಂದ ಎಡಗೈ ಹಾಕಿ ನಾಲ್ಕೂ ಹಾಳೆಗಳನ್ನು ಎಳೆದುಕೊಂಡಳು.

"ಏ, ಅದು ಆಫೀಸಿನದು," ಎಂದಳು ಗುಮಾಸ್ತೆ. "ಎಲ್ಲಿಗೇ?" ಎಂದ ಮಾವ. ಅವಳು ಆಗಲೇ ಡಾಕ್ಟರ ಬಾಗಿಲಲ್ಲಿದ್ದಳು. ಜವಾನ ಚಹಾ ತರಲು ಹೋಗಿದ್ದ. ಇದ್ದಿದ್ದರೆ ಅವಳು ವಾಪಸು ಬಂದು ಕೂರುತ್ತಿದ್ದಳೇನೋ.

ಒಳಗೆ ಕಂಬಿಯವನು ಪ್ಯಾಂಟು ಮೇಲೇರಿಸಿಕೊಂಡು ಮಂಚದ ಮೇಲೆ ಮಲಗಿದ್ದ. ಅವಳು ಮುಖ ತಿರುಗಿಸಿಕೊಂಡು ಗೋಡೆಯ ಕಡೆ ನಿಂತಳು. "ಬಾರಮ್ಮ ಬಾ," ಎಂದ ಅವನು, "ನನ್ನ ಮಂಡಿ ಎಲ್ಲಿಗೂ ಓಡಿಹೋಗಲ್ಲ."

"ಏನಮ್ಮ, ನಿಂದು ಆಯ್ತಲ್ಲ," ಎಂದರು ಡಾಕ್ಟರು.

"ಇನ್ನೊಂದು ಸಲ ಅಳೀರಿ, ಸರ್."

"ಏನು? ಜೋರಾಗಿ ಹೇಳು."

"ಇನ್ನೊಂದು ಸಲ ಅಳೀರಿ."

ಡಾಕ್ಟರು ಕರವಸ್ತ್ರ ಮಡಿಚಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಆಯಾಸವಿತ್ತು. "ನೋಡಮ್ಮ, ಕಿಟಕೀಲಿ ನಂಬರ್ ಕೇಳಿದ ಮೇಲೆ ಎಲ್ಲರಿಗೂ ನೋವು ಜಾಸ್ತಿ ಆಗುತ್ತೆ. ಮೂವತ್ತು ವರ್ಷದಿಂದ ನೋಡ್ತಿದೀನಿ. ನಿನ್ನ ಕೈ ಚೆನ್ನಾಗಿದೆ. ಖುಷಿಪಡು."

ಅವಳು ಹಾಳೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಮೊದಲನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಜಾಗ ಸಾಲದೆ ಅವರ ಚಹಾದ ಲೋಟವನ್ನು ಸರಿಸಬೇಕಾಯಿತು, ಸರಿಸಿದಳು. "ಈಗ ಹಾಕಿದ್ದು. ಕಿಟಕೀಲಿರೋ ಮೇಡಂ ಎದುರಿಗೇ. ಹತ್ತು ನಿಮಿಷ ಆಗಿಲ್ಲ."

ಅವರು ನೋಡಿದರು. ಬಹಳ ಹೊತ್ತು ನೋಡಿದರು ಎಂದು ಅವಳಿಗನಿಸಿತು. "ಇದು ನಾಟಕ ಅಲ್ಲ ಅಂತ ನಾನು ಹೇಗೆ ನಂಬಲಿ?"

ಕಿವಿ ಬಿಸಿಯಾಯಿತು. ಹೊರಗೆ ಹೋಗಿಬಿಡಬಹುದು, ಹೊಸ ಸೆಟ್ಟು ತೆಗೆದುಕೊಂಡು, ಕೈ ಆರಿಸಿಕೊಂಡು, ಹನ್ನೆರಡೂ ಸಹಿ ದುಂಡಗೆ ಹಾಕಿ ಕೊಡಬಹುದು. "ಮೊದಲನೇದೇ ನಾಟಕ, ಸರ್," ಎಂದಳು. "ಗೊತ್ತಿಲ್ಲದೇ ಆಡಿದ್ದು. ಬೆಳಗ್ಗೆ ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ ಬಗ್ಗಿಸಿ ತಂದಿದ್ದೆ. ನೀವು ಚೆನ್ನಾಗಿದೆ ಅನ್ಲಿ ಅಂತ."

ಮಂಚದ ಮೇಲಿನವನು ಕೆಮ್ಮಿದ. ನಕ್ಕದ್ದೂ ಇರಬಹುದು.

ಡಾಕ್ಟರು ಕೈ ಚಾಚಿದರು. ಅವಳು ಕೊಟ್ಟಳು. ಈ ಸಲ ಏನನ್ನೂ ತೋರಿಸಲು ಹೋಗಲಿಲ್ಲ. ಅವರ ಕೈಯಲ್ಲಿ ಅದನ್ನು ಬಿಟ್ಟು ತಾನು ಪಕ್ಕಕ್ಕೆ ನಿಂತ ಹಾಗೆ ನಿಂತಳು. ಅವರು ಬುಡದ ಗೆಣ್ಣುಗಳನ್ನು ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿದು ನಿಧಾನವಾಗಿ ತುಂಬಿಕೊಂಡಿತು. ದರ್ಜಿಯ ಟೇಪಿನಂಥದ್ದನ್ನು ಡ್ರಾಯರಿನಿಂದ ತೆಗೆದು ಬೆರಳಿಗೆ ಸುತ್ತಿದರು, ಹಿಂದಿನ ಕಾಗದ ನೋಡಿದರು, ಮತ್ತೆ ಸುತ್ತಿದರು. "ಊತಕ್ಕೆ ನಾಟಕ ಬರಲ್ಲ," ಎಂದರು, ಅವಳಿಗಲ್ಲ, ಟೇಪಿಗೆ. "ಬಗ್ಗಿಸು." ಬೆರಳುಗಳು ಅರ್ಧಕ್ಕಿಂತ ಮುಂಚೆಯೇ ನಿಂತವು. ಅವರು ಅಷ್ಟೇನಾ ಎನ್ನಲಿಲ್ಲ.

"ನಿನ್ನ ಕೆಲಸದಲ್ಲಿ ದಿನಕ್ಕೆ ಎಷ್ಟು ಬಟ್ಟೆ?"

"ಆರುನೂರು. ಒಂದೊಂದು ದಿನ ಏಳುನೂರು. ಒಂದೊಂದಕ್ಕೂ ಮೂರು ಸಲ ಹಿಡೀಬೇಕು, ಸರ್."

ಅವರು ಪೆನ್ನು ಎತ್ತಿ ಫಾರಮ್ಮಿನ ಮೇಲೆ ಅಲ್ಲಿ ಇಲ್ಲಿ ಆಡಿಸಿದರು. "ಇದಕ್ಕೆ ಇದರಲ್ಲಿ ಜಾಗಾನೇ ಇಲ್ಲ. ಮೂರು ಸಲ ಏನು, ಒಂದು ಸಲಕ್ಕೆ ಮಾತ್ರ ಮನೆ ಇದೆ." ಆಮೇಲೆ, "ನಾನು ಬರೆದಿದ್ದನ್ನ ನಾನೇ ಹೊಡೆದುಹಾಕೋ ಹಾಗಿಲ್ಲ. ನೀನು ಒಪ್ಪಿಗೆ ಇಲ್ಲ ಅಂತ ಅರ್ಜಿ ಕೊಡು. ಕೆಲಸ ಮಾಡಿ ದಣಿದ ಕೈ ನೋಡಬೇಕು, ಸಂಜೆ ಹೊತ್ತಿಗೆ ಕರೀರಿ ಅಂತ ಬರಿ. ನಾನು ಇವತ್ತಿನ ಊತ ಬರೆದು ಸಹಿ ಮಾಡ್ತೀನಿ. ಇಷ್ಟು ಆಗುತ್ತೆ ನನ್ನ ಕೈಲಿ. ಹತ್ತು ದಾಟುತ್ತೆ ಅಂತ ನಾನು ಹೇಳ್ತಿಲ್ಲ."

"ಸೋಮವಾರ?"

"ಅರ್ಜಿ ತೀರ್ಮಾನ ಆಗೋ ತನಕ ಯಾರೂ ಕೆಲಸಕ್ಕೆ ಕರೆಯೋ ಹಾಗಿಲ್ಲ." ನಾಲ್ಕೂ ಹಾಳೆಗಳನ್ನು ಜೋಡಿಸಿ, ಮುದ್ರೆ ಬೀಳದ ಹಾಗೇ, ಅವಳ ಕಡತಕ್ಕೆ ಪಿನ್ನು ಚುಚ್ಚಿದರು. "ಹೋಗು ಈಗ, ಅವರ ಮಂಡಿ ತಣ್ಣಗಾಗ್ತಿದೆ."

ಹೊರಗೆ ಗುಮಾಸ್ತೆ ಏನೂ ಕೇಳದೆ ಒಂದು ಬಿಳೀ ಹಾಳೆ ಕೊಟ್ಟಳು. ಅರ್ಜಿ ಇವತ್ತೇ, ಊಟದ ಬಿಡುವಿನೊಳಗೆ ಕೊಡಬೇಕು ಎಂದಳು. ಮಾವ ನಡೆದದ್ದನ್ನೆಲ್ಲ ಅವಳ ಬಾಯಿಂದ ಎರಡು ಸಲ ಹೇಳಿಸಿಕೊಂಡ, ಚಹಾದ ಲೋಟ ಸರಿಸಿದ್ದನ್ನು ಮೂರು ಸಲ. "ಡಾಕ್ಟರ ಲೋಟಾನಾ? ನೀನಾ?" ಎಂದ. ಆಮೇಲೆ ಜೇಬಿನಿಂದ ಪೆನ್ನು ತೆಗೆದ. "ಕೊಡು, ನಾನು ಬರೀತೀನಿ. ಮಾನ್ಯರೇ ಅಂತ ಶುರು ಮಾಡಿ ಚೆನ್ನಾಗಿ ಎಳೀತೀನಿ ನೋಡು."

"ಬೇಡ ಮಾವ. ನಾನೇ."

"ಈ ಕೈಯಲ್ಲಾ?"

ಅವಳು ಕುರ್ಚಿಯನ್ನೇ ಮೇಜು ಮಾಡಿಕೊಂಡು ನೆಲದ ಮೇಲೆ ಕೂತಳು. ಪೆನ್ನು ಹಿಡಿಯುವುದೇ ಒಂದು ಕೆಲಸವಾಯಿತು; ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಕೂಡಿಸಬೇಕಾಯಿತು. ಹೆಸರು ಬರೆದಳು, ವಿಳಾಸ ಬರೆದಳು. ಅಪಘಾತ ಹೇಗಾಯಿತು ಎಂದು ಬರೆಯುವ ಕಡೆ ಬಂದಾಗ ಗಮನ ತಪ್ಪಿ ಎಂಬ ಎರಡು ಶಬ್ದ ತಾವಾಗಿಯೇ ಬಂದು ಪೆನ್ನಿನ ತುದಿಯಲ್ಲಿ ಕೂತವು. ಅವನ್ನು ಬರೆಯಲಿಲ್ಲ. ದಿಂಬಿನ ಕವರನ್ನೂ ಬರೆಯಲಿಲ್ಲ. ಆ ಧೈರ್ಯ ಇನ್ನೂ ಬಂದಿರಲಿಲ್ಲ, ಬರುತ್ತದೆಯೋ ಗೊತ್ತಿರಲಿಲ್ಲ. ರೋಲರಿನಲ್ಲಿ ಕೈ ಸಿಕ್ಕಿತು ಎಂದಷ್ಟೇ ಬರೆದು ಮುಂದಕ್ಕೆ ಹೋದಳು. ಅಕ್ಷರಗಳು ಸಾಲು ಬಿಟ್ಟು ಇಳಿದವು, ಒಂದರ ಮೇಲೊಂದು ಹತ್ತಿದವು. ಪಕ್ಕದ ಕುರ್ಚಿಗಳವರು ನೋಡುತ್ತಿದ್ದರು. ನೋಡಲಿ ಎಂದು ಅವಳಿಗೆ ಅನಿಸಲಿಲ್ಲ, ನಾಚಿಕೆಯಾಗುತ್ತಲೇ ಇತ್ತು. ನಾಚಿಕೊಳ್ಳುತ್ತಲೇ ಬರೆದಳು.

ಮಾವ ಹೆಗಲ ಮೇಲಿಂದ ಬಗ್ಗಿ ಓದಲು ನೋಡಿದ. "ಕಾಗೆ ಕಾಲು ಗುಬ್ಬಿ ಕಾಲು. ಇನ್ನೊಂದು ಹಾಳೆ ಈಸ್ಕೊಂಡು ಬರ್ಲಾ? ಸ್ವಲ್ಪ ಹೊತ್ತು ಬಿಟ್ಟು ನೀಟಾಗಿ ಬರೆಯೋವಂತೆ. ಇದನ್ನ ಅವರಿಗೆ ಓದೋಕೆ ಕಷ್ಟ ಆಗುತ್ತೆ ಕಣೆ."

"ಆಗ್ಲಿ," ಎಂದಳು ಅವಳು, ಮತ್ತು ಹಾಳೆ ತಿರುವಿದಳು.